ಪಟ್ಟಿಯಲ್ಲಿಲ್ಲದ ಬೆಳಕು

ಎಲ್ಕಿ ಕಣಿವೆಯಲ್ಲಿ ಒಬ್ಬರಿಗೆ ಒಂದರ ಬದಲು ಎರಡು ಕಂಡರೆ ಕಾರಣ ಕೇಳುವ ಪದ್ಧತಿಯೇ ಇಲ್ಲ. ಕಣಿವೆಯ ತುಂಬ ದ್ರಾಕ್ಷಿ, ದ್ರಾಕ್ಷಿಯಿಂದ ಪಿಸ್ಕೊ ಎಂಬ ಸಾರಾಯಿ, ಪಿಸ್ಕೊ ಹೊಟ್ಟೆಗಿಳಿದ ಮೇಲೆ ಎರಡೇನು, ನಾಲ್ಕೂ ಕಾಣಬಹುದು. ಹಾಗಾಗಿ ರೊಟ್ಟಿ ಸುಡುವ ಒತೀಲಿಯ ಒಂದು ಸಂಜೆ ಆಕಾಶದಲ್ಲಿ ಎರಡು ಬೆಳಕು ಕಂಡೆ ಎಂದಾಗ ಎಲ್ ಪೆರಾಲ್ ಊರಿನವರ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಅವಳು ಜನ್ಮದಲ್ಲಿ ಒಂದು ಹನಿ ಪಿಸ್ಕೊ ನಾಲಿಗೆಗೆ ತಾಗಿಸಿದವಳಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಗುವುದಕ್ಕೆ ಅದೇನು ಅಡ್ಡಿ?

"ಒತೀಲಿಯಾ, ಎರಡು ರೊಟ್ಟಿ ಕೊಡಮ್ಮ. ತಡಿ ತಡಿ, ಒಂದೇ ಕೊಡು, ನಿನ್ನ ಕಣ್ಣಿಗೆ ಅದೇ ಎರಡಾಗುತ್ತೆ!"

ಈ ನಗೆಚಟಾಕಿಗೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ಹದಿನಾಲ್ಕು ವರ್ಷದ ರೊಟ್ಟಿಯನ್ನು ನಾಯಿಯೂ ಮೂಸುವುದಿಲ್ಲ. ಆದರೆ ಹಳಸಲು ತಮಾಷೆಯನ್ನು ಮನುಷ್ಯರು ದಿನಾ ಬಿಸಿ ಮಾಡಿಕೊಂಡು ತಿನ್ನುತ್ತಾರೆ.

ಒತೀಲಿಯಳ ಹುಚ್ಚು ಉಪಗ್ರಹಗಳದ್ದು. ಟೆಲಿಫೋನ್ ಮಾತು ಹೊತ್ತು ತಿರುಗುವ ಒಂದು ಹಳೆಯ ಬಗೆಯ ಉಪಗ್ರಹಗಳಿದ್ದವು. ಅವುಗಳ ಮೈಗೆ ಬಾಗಿಲಿನಷ್ಟು ದೊಡ್ಡ, ಕನ್ನಡಿಯಂತೆ ಹೊಳೆಯುವ ಹಲಗೆಗಳು. ಸೂರ್ಯ ಮುಳುಗಿದ ಮೇಲೆ, ಮೇಲೆಲ್ಲೋ ಇನ್ನೂ ಉಳಿದಿರುವ ಬಿಸಿಲು ಆ ಹಲಗೆಗೆ ಬಡಿದು ನೆಲಕ್ಕೆ ಹಾರಿದರೆ, ಇದ್ದಕ್ಕಿದ್ದಂತೆ ಆಕಾಶದಲ್ಲೊಂದು ಬೆಳಕು ಉಬ್ಬಿ, ಶುಕ್ರನನ್ನೂ ಮಂಕಾಗಿಸಿ, ಹತ್ತು ಹದಿನೈದು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಅದು ಎಲ್ಲರಿಗೂ ಕಾಣುವುದಿಲ್ಲ. ಈ ಗುಡ್ಡದವನಿಗೆ ಕಂಡದ್ದು ಆಚೆ ಗುಡ್ಡದವನಿಗೆ ಕಾಣದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಸಿಗುತ್ತಿತ್ತು. ಪೇಟೆಯ ಗ್ರಂಥಾಲಯದ ಹುಡುಗಿ ಯಾಸ್ನ ಅದನ್ನು ಅಚ್ಚು ಹಾಕಿ ಕೊಡುತ್ತಿದ್ದಳು. ಒತೀಲಿಯ ಚಾಚಿದ ಕೈಯ ಮುಷ್ಟಿಯಿಂದ ಗುಡ್ಡದ ಮೇಲಿನ ಎತ್ತರ ಅಳೆದು, ತನ್ನ ಹಳೆಯ ರೀಲು ಕ್ಯಾಮೆರಾವನ್ನು ಮುಕ್ಕಾಲಿಗೆ ಕಟ್ಟಿ, ಹೊತ್ತಿಗೆ ಸರಿಯಾಗಿ ಕ್ಯಾಮೆರಾದ ಕಣ್ಣು ತೆರೆದು ಕಾಯುತ್ತಿದ್ದಳು. ಚಿತ್ರದಲ್ಲಿ ಒಂದು ಗೆರೆ ಬೀಳುತ್ತಿತ್ತು, ಎರಡು ತುದಿ ಸಣ್ಣ, ನಡು ದಪ್ಪ. ಅಂಥ ಗೆರೆಗಳು ಅವಳ ಪೆಟ್ಟಿಗೆಯಲ್ಲಿ ಇನ್ನೂರಕ್ಕೂ ಮಿಕ್ಕಿ ಇದ್ದವು.

ಈ ವಿದ್ಯೆ ಕಲಿಸಿದವರು ದೋನ್ ಅಮಾದೋರ್. ಶಾಲೆಯಲ್ಲಿ ಅವಳಿಗೆ ಲೆಕ್ಕದ ಮೇಷ್ಟ್ರು, ಆಮೇಲೆ ಪೇಟೆಯ ಆಕಾಶ ಕೂಟದ ಅಧ್ಯಕ್ಷರು. ಅವಳ ಮಾತನ್ನು ಮುರಿದವರೂ ಅವರೇ.

ಆಗ ಆದದ್ದು ಇಷ್ಟೆ. ಕೂಟದವರೆಲ್ಲ ಒಂದು ಸಂಜೆ ಶಾಲೆಯ ತಾರಸಿಯ ಮೇಲೆ ಸೇರಿದ್ದರು. ಬೆಳಕು ಬರುವ ಹೊತ್ತಿಗೆ ಉಳಿದವರು ಎಂಪನಾ ಕಡುಬಿನ ಬಿಸಿ ಆರುತ್ತದೆಂದು ಕೆಳಗೆ ಓಡಿದ್ದರು. ಹೊಟ್ಟೆಯ ಮುಂದೆ ಆಕಾಶ ಯಾವ ಲೆಕ್ಕ? ಮೇಲೆ ಉಳಿದದ್ದು ಒತೀಲಿಯ ಮತ್ತು ದೋನ್ ಅಮಾದೋರ್ ಇಬ್ಬರೇ. ಪಟ್ಟಿಯಲ್ಲಿ ಒಂದು ಬೆಳಕು ಎಂದಿತ್ತು. ಬಂದದ್ದು ಎರಡು, ಬೆರಳಗಲ ಅಂತರದಲ್ಲಿ, ಜೊತೆಜೊತೆಯಾಗಿ. ಕೆಲಸ ಮಾಡುವ ಉಪಗ್ರಹದ ಪಕ್ಕದಲ್ಲಿ, ಅದು ಕೆಟ್ಟರೆ ಇರಲಿ ಎಂದು ಇನ್ನೊಂದನ್ನು ತಿರುಗಲು ಬಿಟ್ಟಿರುತ್ತಾರೆ. ಆ ಎರಡನೆಯದರ ಹಲಗೆ ಯಾವ ಕಡೆ ವಾಲಿರುತ್ತದೆ ಎಂದು ಯಾರೂ ಲೆಕ್ಕ ಇಡುವುದಿಲ್ಲ, ಅದಕ್ಕೇ ಅದು ಪಟ್ಟಿಯಲ್ಲಿ ಇರುವುದಿಲ್ಲ. ಮನಸ್ಸು ಬಂದಾಗ ಮಿನುಗುತ್ತದೆ. ಒತೀಲಿಯಳ ಚಿತ್ರದಲ್ಲಿ ಎರಡೂ ಗೆರೆಗಳು ಬಿದ್ದವು. ಸಂಜೆಯ ಬೆಳಕು ಇನ್ನೂ ಇದ್ದುದರಿಂದ ಒಂದೂ ನಕ್ಷತ್ರ ಬೀಳಲಿಲ್ಲ. ಬಿದ್ದಿದ್ದರೆ ನಕ್ಷತ್ರಗಳು ಒಂದೊಂದೇ ಇವೆ, ಚಿತ್ರ ಒಂದೇ ಸಲ ತೆಗೆದದ್ದು ಎಂದು ತೋರಿಸಬಹುದಿತ್ತು; ಅವಿಲ್ಲದ್ದೇ ಅವಳಿಗೆ ಮುಳುವಾಯಿತು. ಕೂಟದ ಚಿತ್ರಪ್ರದರ್ಶನದ ದಿನ ಯಾರೋ ಹೇಳಿದರು, "ಒಂದೇ ರೀಲಿನ ಮೇಲೆ ಎರಡು ಸಲ ತೆಗೆದಿದ್ದಾಳೆ." ಮೂವತ್ತು ಜನ ದೋನ್ ಅಮಾದೋರ್ ಕಡೆ ತಿರುಗಿದರು.

"ನಾನೂ ಅಲ್ಲೇ ಇದ್ದೆ. ಬಂದದ್ದು ಒಂದೇ," ಎಂದರು ಅವರು.

ಚಿತ್ರವನ್ನು ಗೋಡೆಯಿಂದ ಇಳಿಸಿದರು. ಒತೀಲಿಯ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಆ ಕೂಟದ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಸುಳ್ಳಿ ಅನ್ನಿಸಿಕೊಂಡದ್ದಕ್ಕಿಂತ, ಮೇಷ್ಟ್ರ ಬಾಯಿಂದ ಅನ್ನಿಸಿಕೊಂಡದ್ದು ಅವಳಿಗೆ ಹೆಚ್ಚು ಉರಿಯಿತು.

ಈಗ ಆ ಹಳೆಯ ಉಪಗ್ರಹಗಳನ್ನು ಒಂದೊಂದಾಗಿ ಕೆಳಗಿಳಿಸಿ ಸುಡುತ್ತಿದ್ದರು. ಮೇ ತಿಂಗಳ ಎರಡನೆಯ ವಾರ, ಗುರುವಾರ, ಯಾಸ್ನ ಪಟ್ಟಿಯ ಹಾಳೆ ಕೈಗಿಡುತ್ತ ಹೇಳಿದಳು: "ಅತ್ತೆ, ಅದೇ ಜೋಡಿ ಕಣ್ರೀ. ಬರೋ ಮಂಗಳವಾರ ಸಂಜೆ ಏಳೂ ಇಪ್ಪತ್ತೆರಡಕ್ಕೆ ನಿಮ್ಮೂರಿನ ತೆಂಕಣ ಆಕಾಶದಲ್ಲೇ ಹಾದುಹೋಗುತ್ತೆ. ಪಟ್ಟೀಲಿ ಒಂದೇ ಇದೆ, ಇನ್ನೊಂದು ಮಿನುಗುತ್ತೋ ಇಲ್ವೋ ದೇವರಿಗೇ ಗೊತ್ತು. ಮುಂದಿನ ತಿಂಗಳು ಅದನ್ನ ಇಳಿಸ್ತಾರಂತೆ."

ಅಂದರೆ ಇದೇ ಕೊನೆ. ಈ ಸಲ ಎರಡು ಗೆರೆ ರೀಲಿನ ಮೇಲೆ ಬಿದ್ದರೆ ಅವಳ ಮಾತು ನಿಂತಿತು. ಬೀಳದಿದ್ದರೆ ಸಾಯುವವರೆಗೂ ಅವಳು ಎರಡು ಕಾಣುವ ಒತೀಲಿಯಳೇ.

ಭಾನುವಾರ ಫೋನು ಬಂತು. ದೋನ್ ಅಮಾದೋರ್. ಗ್ರಂಥಾಲಯದಲ್ಲಿ ವಿಷಯ ತಿಳಿಯಿತಂತೆ, ಮಂಗಳವಾರ ತಾನೂ ಬಂದು ನೋಡಬಹುದೇ ಎಂದು ಕೇಳಿದರು. ಬೇಡ ಎನ್ನಲು ಅವಳ ಬಾಯಿ ತೆರೆದಿತ್ತು. "ನಾಲ್ಕರ ಬಸ್ಸಿಗೆ ಬನ್ನಿ," ಎಂಬ ಮಾತು ಹೊರಬಿತ್ತು. ಆಮೇಲೆ ಎರಡು ದಿನ ತನ್ನನ್ನೇ ಬೈದುಕೊಂಡು ಹಿಟ್ಟು ನಾದಿದಳು. ಆ ಎರಡು ದಿನದ ರೊಟ್ಟಿ ಬಲು ಮೆತ್ತಗಿತ್ತೆಂದು ಊರವರು ಹೇಳುತ್ತಾರೆ.

ಮಂಗಳವಾರ ಮೇಷ್ಟ್ರು ಬಂದರು. ಎಪ್ಪತ್ತಾರು ವರ್ಷ, ಕೋಲು, ಇಸ್ತ್ರಿ ಮಾಡಿದ ಅಂಗಿ. ಸಂಜೆಯ ಚಹಾಕ್ಕೆ ಒತೀಲಿಯ ಬಿಸಿ ರೊಟ್ಟಿ, ತಮ್ಮನ ಮೇಕೆಯ ಹಾಲಿನ ಗಿಣ್ಣು, ಮೆಂಬ್ರಿಯೊ ಹಣ್ಣಿನ ಪಾಕ ಎಲ್ಲ ಇಟ್ಟಳು. ಕೋಪವಿದೆಯೆಂದು ಮನೆಗೆ ಬಂದವರನ್ನು ಹಸಿದು ಕೂರಿಸಲಾಗುತ್ತದೆಯೇ? ಆದರೆ ಮಾತು ಮಾತ್ರ ಬಡಿಸಲಿಲ್ಲ. ಕ್ಯಾಮೆರಾ ಚೀಲ ಬಾಗಿಲ ಬಳಿ ಸಿದ್ಧವಿತ್ತು. ಹೊರಗೆ ಗುಡ್ಡದ ತುದಿಯಿಂದ ಬಿಸಿಲು ಆಗಲೇ ಜಾರಿಹೋಗಿತ್ತು. ಅವಳ ಕೈಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ.

ಮೇಷ್ಟ್ರು ಒಲೆಯ ಮೇಲಿನ ಗೋಡೆಯ ಗಡಿಯಾರ ನೋಡಿ ಬೆಚ್ಚಿದರು. "ಏಳಾಗ್ತಾ ಬಂತಲ್ಲ!"

"ಅದನ್ನ ನೋಡ್ಬೇಡಿ. ಅದು ಮೇಕೆ ಟೈಮು."

ಆ ಗಡಿಯಾರ ಅವಳ ತಮ್ಮ ನಿಬಾಲ್ದೊನದು. ನಮ್ಮಲ್ಲಿ ಚಳಿಗಾಲ ವರ್ಷದ ನಡುವೆ; ಅದು ಬಂದರೆ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ, ಬೇಸಿಗೆಗೆ ಮುಂದಕ್ಕೆ. ಯಾವ ತಿಂಗಳು ಎಂಬುದು ಒಂದೊಂದು ವರ್ಷ ಒಂದೊಂದು ತರಹ. ಒಂದು ವರ್ಷವಂತೂ ತಿರುಗಿಸಲೇ ಇಲ್ಲ, ವರ್ಷವಿಡೀ ಬೇಸಿಗೆ ವೇಳೆಯೇ ಇರಲಿ ಎಂದರು. ಅಂದೇ ನಿಬಾಲ್ದೊ, ಸರ್ಕಾರಕ್ಕೆ ಕೊನೆಗೂ ಬುದ್ಧಿ ಬಂತೆಂದು ಸಂತೋಷಪಟ್ಟು ಗಡಿಯಾರ ಮುಟ್ಟುವುದನ್ನೇ ಬಿಟ್ಟ. ಮರುವರ್ಷ ಸರ್ಕಾರದ ಬುದ್ಧಿ ಮತ್ತೆ ಬದಲಾಯಿತು, ಇವನದು ಬದಲಾಗಲಿಲ್ಲ. ಮೇಕೆಯ ಕೆಚ್ಚಲಿಗೆ ಕಾಯಿದೆ ಗೊತ್ತಾಗುತ್ತದೆಯೇ ಎಂಬುದು ಅವನ ವಾದ.

ದೋನ್ ಅಮಾದೋರ್ ನಕ್ಕರು. ಆಮೇಲೆ ಲೋಟ ಕೆಳಗಿಟ್ಟರು.

"ಈಗ ನೋಡು, ಇಲ್ಲಿಂದ ಆ ಮುಳ್ಳು ಕಾಣಿಸುತ್ತೆ ನನಗೆ. ಮಾರ್ಚಲ್ಲಿ ಕಣ್ಣಿನ ಆಪರೇಷನ್ ಆಯ್ತು. ಎರಡೂ ಕಣ್ಣು. ಪೊರೆ."

"ಒಳ್ಳೇದಾಯ್ತು ಬಿಡಿ," ಎಂದಳು ಒತೀಲಿಯ, ರೊಟ್ಟಿಯ ತಟ್ಟೆ ಸರಿಸುತ್ತ.

"ಹದಿನೈದು ವರ್ಷದ ಪೊರೆ, ಒತೀಲಿಯಾ."

ಅವಳ ಕೈ ನಿಂತಿತು. ಹದಿನೈದರಲ್ಲಿ ಹದಿನಾಲ್ಕು ಕಳೆಯಲು ಅವಳಿಗೆ ಕಲಿಸಿದವರು ಅವರೇ ತಾನೆ.

"ಹಾಗಾದ್ರೆ ಅವತ್ತು ನಿಮಗೆ ಕಂಡೇ ಇರ್ಲಿಲ್ವಾ? ಕಾಣದೇನೇ ಒಂದು ಅಂದ್ರಾ?"

"ಕಂಡಿತ್ತು. ಒಂದಕ್ಕಿಂತ ಜಾಸ್ತೀನೇ ಕಂಡಿತ್ತು. ಎರಡೋ ಮೂರೋ. ಆದ್ರೆ ಆಗ ನನಗೆ ಎಲ್ಲಾನೂ ಹಾಗೇ ಕಾಣ್ತಿತ್ತು ಕಣಮ್ಮ. ಬೀದಿ ದೀಪ ಎರಡು, ಚಂದ್ರ ಎರಡು, ನನ್ನ ಹೆಂಡ್ತಿಗೆ ಎರಡು ಮೂಗು. ಕಣ್ಣಿನ ಕಳ್ಳಾಟ ಅಂದ್ಕೊಂಡು ನಾನೇ ಕಳೆದು ಒಂದು ಅಂದೆ."

"ನನ್ನ ಚಿತ್ರ?"

"ಚಿತ್ರದಲ್ಲೂ ಜಾಸ್ತಿ ಕಾಣಿಸ್ತು. ಅದೂ ನನ್ನ ಕಣ್ಣೇ ಅಂದ್ಕೊಂಡೆ. ಉಳಿದೋರು ‘ಚಿತ್ರದಲ್ಲಿ ಎರಡಿದೆ’ ಅಂತ ಕೂಗಾಡಿದಾಗ ನನಗೂ ಅನುಮಾನ ಬಂತು. ಆದ್ರೆ ಕಣ್ಣು ಸರಿಯಿಲ್ಲ ಅಂತ ಒಪ್ಪಿಕೊಂಡ್ರೆ ಪಾಠ ಹೋಗ್ತಿತ್ತು, ಕೂಟದ ದೂರದರ್ಶಕದ ಬೀಗದಕೈ ಹೋಗ್ತಿತ್ತು. ಹೆದರಿಬಿಟ್ಟೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ಆಡಿದ ಒಂದು ಮಾತಿನ ಬೆಲೆ ಹದಿನಾಲ್ಕು ವರ್ಷ ತೆತ್ತವಳು ಎದುರಿಗೆ ಕುಳಿತಿದ್ದಳು. ಒತೀಲಿಯಳಿಗೆ ಕೂಗಬೇಕೆನ್ನಿಸಿತು. ಚಹಾದ ಪಾತ್ರೆಯನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎದ್ದು ಒಲೆಯ ಕಡೆ ಮುಖ ಮಾಡಿ ನಿಂತಳು.

"ಈಗ ಯಾಕೆ ಬಂದ್ರಿ?"

"ಹೊಸ ಕಣ್ಣಲ್ಲಿ ಒಂದ್ಸಲ ನೋಡ್ಬೇಕು. ಎರಡು ಬಂದ್ರೆ ಶನಿವಾರ ಕೂಟದ ಸಭೇಲಿ ಎದ್ದು ನಿಂತು ಹೇಳ್ತೀನಿ. ಒಂದೇ ಬಂದ್ರೆ," ಎಂದು ತಡೆದರು, "ಒಂದೇ ಬಂದ್ರೆ ನನಗೆ ಹೇಗೆ ಗೊತ್ತಾಗಬೇಕು ಹೇಳು, ನಾನು ಅವತ್ತು ಮಾಡಿದ್ದು ಏನು ಅಂತ?"

"ನಾನು ಹೇಳಿದ್ರೆ ಸಾಲದಾ?"

ಮೇಷ್ಟ್ರು ತಲೆ ತಗ್ಗಿಸಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಬದುಕಿಡೀ ಮಕ್ಕಳಿಗೆ ಹೇಳಿಕೊಟ್ಟ ಮನುಷ್ಯ. ಅವರಿಗೆ ಸುಳ್ಳು ಸಮಾಧಾನ ಹೇಳಲೂ ಬರುತ್ತಿರಲಿಲ್ಲ. ಒತೀಲಿಯ ಒಲೆಯ ಬೂದಿ ಕೆದಕಿ, ಇನ್ನೊಂದು ಸುತ್ತು ಚಹಾ ಬಗ್ಗಿಸಿದಳು.

ಬಾಗಿಲು ದಡಾರನೆ ತೆರೆದು ನಿಬಾಲ್ದೊ ಹಾಲಿನ ಬಕೆಟ್ಟಿನೊಡನೆ ಒಳಬಂದ. ಇಬ್ಬರ ಮುಖ ನೋಡಿದ, ಗಡಿಯಾರ ನೋಡಿದ.

"ಏನಕ್ಕ, ಇನ್ನೂ ಚಹಾ ಹೀರ್ತಾ ಕೂತಿದ್ದೀರಲ್ಲ? ಏಳೂ ಇಪ್ಪತ್ತೆರಡು ಅಂತ ಎರಡು ದಿನದಿಂದ ನನ್ನ ತಲೆ ತಿಂದೆ. ಏಳೂ ಹತ್ತಾಯ್ತು!"

"ನಿನ್ನ ಮೇಕೆ ಟೈಮು ಸುಡಬೇಕು. ಸರ್ಕಾರಿ ಟೈಮು ಈಗ ಆರೂ ಹತ್ತು. ಇನ್ನೂ ಒಂದು ಗಂಟೆ ಮೇಲಿದೆ."

"ನಿನ್ನ ಪಟ್ಟಿ ಯಾವ ಟೈಮಲ್ಲಿದೆ?" ಎಂದ ನಿಬಾಲ್ದೊ, ಬಕೆಟ್ಟಿಗೆ ಬಟ್ಟೆ ಮುಚ್ಚುತ್ತ. ತಾನೇನು ಕೇಳಿದೆನೆಂದು ಅವನಿಗೇ ಗೊತ್ತಿರಲಿಲ್ಲ, ಸುಮ್ಮನೆ ಜಗಳಕ್ಕೆ ಕೇಳಿದ್ದು.

ದೋನ್ ಅಮಾದೋರ್ ತಲೆ ಎತ್ತಿದರು. "ಪಟ್ಟಿ ಅಚ್ಚು ಹಾಕಿಸಿದ್ದು ಯಾವತ್ತು?"

"ಗುರುವಾರ."

"ಗಡಿಯಾರ ತಿರುಗಿಸಿದ್ದು?"

ಒತೀಲಿಯ ಪಟ್ಟಿಯ ಹಾಳೆ ಎಳೆದುಕೊಂಡಳು. ಶನಿವಾರ ರಾತ್ರಿ, ಒಂದು ಗಂಟೆ ಹಿಂದಕ್ಕೆ. ಗುರುವಾರದ ಹಾಳೆಯ ಏಳೂ ಇಪ್ಪತ್ತೆರಡು ಇಂದಿನ ಆರೂ ಇಪ್ಪತ್ತೆರಡು. ಆ ವಾರ ಕಣಿವೆಯಲ್ಲಿ ಅರ್ಧ ಜನ ಬಸ್ಸಿಗೆ ಒಂದು ಗಂಟೆ ಮೊದಲೇ ಬಂದು ಕಾದು ನಿಂತಿದ್ದರು, ಪಾದ್ರಿಯೇ ಖಾಲಿ ಬೆಂಚುಗಳಿಗೆ ಪೂಜೆ ಮಾಡಿದ್ದ. ಪ್ರತಿವರ್ಷ ಅವರನ್ನು ನೋಡಿ ನಗುವವಳು ಒತೀಲಿಯ. ಮೇಷ್ಟ್ರು ಬರುತ್ತಾರೆಂಬ ಕಳವಳದಲ್ಲಿ ಈ ಸಲ ತಾನೇ ಹಳ್ಳಕ್ಕೆ ಬಿದ್ದಿದ್ದಳು.

"ಹನ್ನೆರಡು ನಿಮಿಷ!" ಎಂದು ಕೂಗಿ ಚೀಲ ಹೆಗಲಿಗೆ ಹಾಕಿಕೊಂಡಳು.

ಮನೆಯ ಅಂಗಳದಿಂದ ತೆಂಕಣ ಆಕಾಶ ಕಾಣುವುದಿಲ್ಲ, ಗುಡ್ಡ ಅಡ್ಡ. ಮೇಲಿನ ಬಂಡೆಗೆ ಹತ್ತಲೇಬೇಕು. ಆರೋಗ್ಯವಾಗಿರುವವರಿಗೆ ಏಳು ನಿಮಿಷದ ದಾರಿ. "ನೀನು ಓಡು, ನಾನು ಹಿಂದೆ ಬರ್ತೀನಿ," ಎಂದರು ಮೇಷ್ಟ್ರು. ನಿಬಾಲ್ದೊ ಅವರ ಕೈ ಹಿಡಿಯಲು ಹೋದ. "ನನ್ನ ಬಿಡಪ್ಪ, ನೀನು ಮೊದಲು ಹೊರಗಿನ ದೀಪ ಆರಿಸು, ಕೆಳಗಿನ ಮನೆಯೋರಿಗೂ ಹೇಳು," ಎಂದು ಅವನನ್ನು ಅಟ್ಟಿಬಿಟ್ಟರು.

ಒತೀಲಿಯ ಓಡಿದಳು. ಐವತ್ತೇಳು ವರ್ಷದ ಮಂಡಿಗಳು ಹೆಜ್ಜೆಗೊಮ್ಮೆ ಶಾಪ ಹಾಕಿದವು. ಬಂಡೆ ತಲುಪಿದಾಗ ಮೂರು ನಿಮಿಷ ಉಳಿದಿತ್ತು, ಅವಳಿಗೆ ಅಷ್ಟು ಸಾಕು. ಮುಕ್ಕಾಲಿ ಬಿಡಿಸಿದಳು. ಎರಡು ಕಾಲು ಊರಿ, ಮೂರನೆಯದನ್ನು ಬಿರುಕಿನಲ್ಲಿ ಕೂರಿಸುತ್ತಿದ್ದಾಗ ಕೆಳಗಿನಿಂದ ಕಲ್ಲು ಉರುಳಿದ ಸದ್ದು. ಹಿಂದೆಯೇ ಕೋಲು ಉರುಳಿದ ಸದ್ದು.

"ಮೇಷ್ಟ್ರೇ?"

"ಏನಿಲ್ಲ, ನೀನು ಕೆಲಸ ನೋಡು!" ದನಿ ಬಂದದ್ದು ದಾರಿಯಿಂದಲ್ಲ, ಅದರ ಪಕ್ಕದ ಇಳಿಜಾರಿನಿಂದ.

ಅವಳು ಬಂಡೆಯಂಚಿಗೆ ಬಂದು ಇಣುಕಿದಳು. ಇಳಿಜಾರಿನ ಸಡಿಲ ಜಲ್ಲಿಯಲ್ಲಿ ಮೇಷ್ಟ್ರು ಅಂಗಾತ ಬಿದ್ದು, ಒಂದು ಕೈಯಲ್ಲಿ ಪಾಪಾಸುಕಳ್ಳಿಯ ಬುಡ ಹಿಡಿದು ಜಾರದಂತೆ ತಡೆದುಕೊಂಡಿದ್ದರು. ಹಿಡಿತ ತಪ್ಪಿದರೆ ಕೆಳಗೆ ಮೂರಾಳು ಆಳದ ಒಣ ಕೊರಕಲು. ಕ್ಯಾಮೆರಾ ಇನ್ನೂ ಚೀಲದಲ್ಲಿತ್ತು. ಅದನ್ನು ಮುಕ್ಕಾಲಿಗೆ ಸಿಕ್ಕಿಸಿ, ಗುರಿ ಹಿಡಿದು, ಕಣ್ಣು ತೆರೆದಿಟ್ಟು ಓಡಿಬರಲು ಒಂದು ನಿಮಿಷ ಬೇಕು. ಒಂದೇ ನಿಮಿಷ. ಆ ನಿಮಿಷ ಆ ಕೈ ತಡೆದೀತೇ? ತಡೆಯಬಹುದು, ತಡೆಯದಿರಬಹುದು. ಒತೀಲಿಯ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಉಸಿರಿನಷ್ಟು ಹೊತ್ತು ಯೋಚಿಸಿದಳು, ಅದಕ್ಕಾಗಿ ಆಮೇಲೆ ನಾಚಿದಳು ಕೂಡ. ಚೀಲ ಹೆಗಲ ಮೇಲಿದ್ದಂತೆಯೇ ಕುಳಿತು ಜಾರುತ್ತ ಇಳಿದು ಅವರ ಎರಡು ಕಂಕುಳಿಗೂ ಕೈ ಹಾಕಿದಳು.

"ಹುಚ್ಚಿ! ಯಾಕೆ ಬಂದೆ? ಹೊತ್ತಾಯ್ತು, ಹೋಗು!"

"ಸುಮ್ನಿರಿ. ಹಿಟ್ಟಿನ ಮೂಟೆ ಎತ್ತಿದ ಕೈ ಇದು. ಕಾಲು ಊರಿ."

ಎಳೆದು ಒಂದು ಗಟ್ಟಿ ಕಲ್ಲಿಗೆ ಒರಗಿಸಿದಳು. ಮೇಷ್ಟ್ರ ಅಂಗೈ ತುಂಬ ಮುಳ್ಳು. ಇಬ್ಬರೂ ಏದುಸಿರು ಬಿಡುತ್ತಿರುವಾಗ, ಎದುರು ಗುಡ್ಡದ ಮೇಲೆ, ಎರಡು ಮುಷ್ಟಿ ಎತ್ತರದಲ್ಲಿ, ಒಂದು ಸಣ್ಣ ಚುಕ್ಕಿ ಹುಟ್ಟಿತು.

ಕೈ ತಾನಾಗಿ ಚೀಲದ ಗುಂಡಿಗೆ ಹೋಯಿತು. ಪ್ರಯೋಜನವಿಲ್ಲ ಎಂದು ಕೈಗೇ ಗೊತ್ತಾಗಿ ನಿಂತಿತು. ಚುಕ್ಕಿ ಉಬ್ಬಿತು. ಇನ್ನೂ ಉಬ್ಬಿತು. ಕಣ್ಣು ಕೋರೈಸುವ ಬಿಳಿ. ಅದು ತುಂಬಿ ಬರುವಷ್ಟರಲ್ಲಿ ಅದರ ಎಡಗಡೆ, ಬೆರಳಗಲ ಬಿಟ್ಟು, ಇನ್ನೊಂದು. ಮೊದಲು ಮಂಕು, ಆಮೇಲೆ ಅದರಷ್ಟೇ. ಎರಡೂ ಜೊತೆಯಾಗಿ ಸದ್ದಿಲ್ಲದೆ ತೆಂಕಕ್ಕೆ ಜಾರಿದವು. ಒತೀಲಿಯ ತುಟಿ ಕಚ್ಚಿಕೊಂಡಳು. ಒಂದು ಅಕ್ಷರ ಆಡಬಾರದು, ಅವರ ಬಾಯಿಗೆ ತಾನು ಎಣಿಕೆ ತುರುಕಬಾರದು.

ಮೇಷ್ಟ್ರು ಮುಳ್ಳು ಚುಚ್ಚಿದ ಕೈಯಿಂದ ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಎರಡೂ ತೆರೆದು ನೋಡಿದರು. ಬೆಳಕುಗಳು ಒಂದರ ಹಿಂದೊಂದು ಆರಿ, ಬರಿಯ ಆಕಾಶ ಉಳಿಯಿತು.

"ಎರಡು," ಎಂದರು. ಇನ್ನೊಮ್ಮೆ, ಯಾರೋ ಆಕ್ಷೇಪಿಸಿದಂತೆ, ಜೋರಾಗಿ: "ಎರಡು ಕಣಮ್ಮ. ಎರಡೇ. ಅವತ್ತೂ ಎರಡೇ ಇತ್ತು."

ಹದಿನಾಲ್ಕು ವರ್ಷ ಈ ಮಾತನ್ನು ಕೇಳಲು ಅವಳು ಕಾದಿದ್ದಳು. ಕೇಳಿದಾಗ ಗೆದ್ದೆ ಅನ್ನಿಸುತ್ತದೆ ಎಂದುಕೊಂಡಿದ್ದಳು. ಹಾಗೇನೂ ಅನ್ನಿಸಲಿಲ್ಲ. ಜಲ್ಲಿಯ ಮೇಲೆ ಕುಳಿತಳು, ಕಣ್ಣೀರು ತಾನಾಗಿ ಸುರಿಯಿತು. ಮೇಷ್ಟ್ರೂ ಅಳುತ್ತಿದ್ದರು, ಹೊಸ ಕಣ್ಣುಗಳಿಗೆ ಅಳು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರೂ.

"ಚಿತ್ರ?" ಎಂದು ಕೇಳಿದರು ಕೊನೆಗೆ, ಉತ್ತರ ಗೊತ್ತಿದ್ದೂ.

ಒತೀಲಿಯ ಚೀಲ ತಟ್ಟಿದಳು. "ಇನ್ನೂ ಇದರೊಳಗೇ ಇದೆ, ಕ್ಯಾಮೆರಾ."

"ಅಯ್ಯೋ ದೇವರೇ. ಮತ್ತೆ ನನ್ನಿಂದಲೇ."

ಅವಳು ಇಲ್ಲವೆನ್ನಲಿಲ್ಲ. ಇಂಥ ಬೆಳಕು ಇನ್ನು ಹುಡುಕಿದರೂ ಸಿಗದು. ಅವರ ಅಂಗೈಯ ಮುಳ್ಳುಗಳನ್ನು ಒಂದೊಂದಾಗಿ ಉಗುರಿನಿಂದ ಕಿತ್ತಳು. ಕತ್ತಲು ಇಳಿಯುತ್ತಿತ್ತು. ಕೆಳಗಿನಿಂದ ನಿಬಾಲ್ದೊ ಕೂಗಿದ, "ಬಂತಾ ಅಕ್ಕ? ನಾನು ದೀಪ ಆರಿಸೋಕೆ ಹೋಗಿದ್ದೆ, ನೋಡ್ಲಿಲ್ಲ! ಕೆಳಗಿನ ಮನೆಯೋರು ಬಾಗಿಲೇ ತೆಗೀಲಿಲ್ಲ!"

ಅಂದರೆ ಕಂಡದ್ದು ಇವರಿಬ್ಬರಿಗೇ. ಅದು ಮೇಷ್ಟ್ರಿಗೂ ಹೊಳೆಯಿತು. ಅವಳ ಹೆಗಲು ಹಿಡಿದು ನಾಲ್ಕು ಹೆಜ್ಜೆ ಇಳಿದವರು ನಿಂತುಬಿಟ್ಟರು.

"ಶನಿವಾರ ಎದ್ದು ನಿಂತು ಹೇಳ್ತೀನಿ. ಹೇಳೇ ಹೇಳ್ತೀನಿ. ಆದ್ರೆ ಒತೀಲಿಯಾ, ಕೈಲಿ ಚಿತ್ರ ಇಲ್ಲ. ಪಟ್ಟೀಲಿ ಒಂದೇ ಇದೆ. ಮುದುಕನಿಗೆ ಅರಳುಮರಳು, ಯಾರೋ ಪಿಸ್ಕೊ ಕುಡಿಸಿ ಕಳಿಸಿದ್ದಾರೆ ಅಂತಾರೆ. ಎಲ್ಲರೂ ನಗ್ತಾರೆ. ನನ್ನ ಮಾತು ಯಾರು ನಂಬ್ತಾರೆ?"

ಹದಿನಾಲ್ಕು ವರ್ಷ ರೊಟ್ಟಿ ಕೊಳ್ಳಲು ಬಂದವರ ಮುಖ ಒತೀಲಿಯಳ ಕಣ್ಣ ಮುಂದೆ ಹಾದುಹೋಯಿತು. ನಗುವಿನ ನಡುವೆ ಒಂಟಿಯಾಗಿ ನಿಲ್ಲುವುದೆಂದರೇನು ಎಂದು ಆ ಕಣಿವೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಈಗ ಗೊತ್ತಾಯಿತಾ ಮೇಷ್ಟ್ರೇ ಎಂದು ಕೇಳಬಹುದಿತ್ತು. ಕೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

"ಸಭೆ ಎಷ್ಟು ಹೊತ್ತಿಗೆ?" ಎಂದಳು.

"ಯಾಕೆ?"

"ನಾನೂ ಬರ್ತೀನಿ. ಅವರು ನನ್ನ ಕಡೆ ತಿರುಗಿ ಕೇಳ್ತಾರಲ್ಲ, ಆಗ ಹೇಳ್ತೀನಿ. ಮೇಷ್ಟ್ರ ಪಕ್ಕದಲ್ಲೇ ಇದ್ದೆ, ಅವರು ಹೇಳಿದ್ದು ನಿಜ, ಎರಡೇ ಬಂತು ಅಂತ."